ಸಂತೆಯ ಮರುದಿನ



ಈ ಉಪನ್ಯಾಸಕ್ಕಾಗಿ ದತ್ತಿ ಇಟ್ಟ ಹಿರಿಯರು ಬದುಕಿಡೀ ದಿನಸಿ ಅಂಗಡಿ ನಡೆಸಿದವರು. ಉಪನ್ಯಾಸ ಮಕ್ಕಳ ಕಲಿಕೆಯ ಬಗ್ಗೆ ಇರಬೇಕು, ಮುಕ್ಕಾಲು ಗಂಟೆ ಮೀರಬಾರದು ಎಂದು ದತ್ತಿಪತ್ರದಲ್ಲಿ ಬರೆಸಿದ್ದಾರಂತೆ. ಭಾಷಣಕಾರರನ್ನು ಚೆನ್ನಾಗಿ ಬಲ್ಲವರೇ ಇರಬೇಕು. ನಾನು ಪದವಿಪೂರ್ವ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ ಪಾಠ ಮಾಡಿ ನಿವೃತ್ತನಾದವನು. ಉದ್ಯಮಿಯ ಗುಣಲಕ್ಷಣಗಳನ್ನು ಪಟ್ಟಿ ಮಾಡಿ ಎಂದರೆ ನಮ್ಮ ಮಕ್ಕಳು ಎಂಟು ಗುಣಗಳನ್ನು ಉಸಿರು ಬಿಡದೆ ಬರೆಯುತ್ತಿದ್ದರು. ಆ ಎಂಟರಲ್ಲಿ ಒಂದನ್ನಾದರೂ ಅವರು ತರಗತಿಯಲ್ಲಿ ಪ್ರಯೋಗಿಸಿ ನೋಡುವ ಸಂದರ್ಭ ಬರುತ್ತಿರಲಿಲ್ಲ. ಪರೀಕ್ಷೆಯೂ ಅದನ್ನು ಕೇಳುತ್ತಿರಲಿಲ್ಲ.

ಕೈಯಾರೆ ಮಾಡಿಸಿ ಕಲಿಸಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ದೆಹಲಿ ಸರ್ಕಾರ 2019ರಲ್ಲಿ 9ರಿಂದ 12ನೇ ತರಗತಿಯವರಿಗೆ ಉದ್ಯಮಶೀಲ ಮನೋಭಾವದ ಪಠ್ಯಕ್ರಮ ತಂದಿತು. 2021ರಲ್ಲಿ 11 ಮತ್ತು 12ನೇ ತರಗತಿಯ ಮಕ್ಕಳಿಗೆ ತಲಾ 2,000 ರೂಪಾಯಿ ಕೊಟ್ಟು, ತಂಡ ಕಟ್ಟಿಕೊಂಡು ವ್ಯಾಪಾರ ಮಾಡಿ ಎಂದಿತು. ಅದು ಟಿ.ವಿ. ಕಾರ್ಯಕ್ರಮವೂ ಆಯಿತು. ಅಮೆರಿಕದಲ್ಲಿ ಜೂನಿಯರ್ ಅಚೀವ್‌ಮೆಂಟ್ ಎಂಬ ಸಂಸ್ಥೆ 1919ರಲ್ಲೇ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಶುರುವಾಗಿತ್ತು. ಅಲ್ಲಿ ಹುಡುಗರು ನೆರೆಹೊರೆಯವರಿಗೆ ಸಣ್ಣ ಸಣ್ಣ ಷೇರು ಮಾರಿ ಕಂಪನಿ ತೆರೆಯುತ್ತಾರೆ, ಏನಾದರೂ ತಯಾರಿಸಿ ಮಾರುತ್ತಾರೆ, ವರ್ಷದ ಕೊನೆಗೆ ಲೆಕ್ಕ ಒಪ್ಪಿಸಿ ಬಾಗಿಲು ಹಾಕುತ್ತಾರೆ.

ಇವೆಲ್ಲ ಒಳ್ಳೆಯವೇ. ಆದರೆ ಇಂಥ ಚಟುವಟಿಕೆ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳ ಅಂಗಳದಲ್ಲಿ ಸದ್ದಿಲ್ಲದೆ ಬಹಳ ಕಾಲದಿಂದ ನಡೆದುಕೊಂಡು ಬಂದಿದೆ. ಒಂದು ಕಡೆ ಮೆಟ್ರಿಕ್ ಮೇಳ ಎನ್ನುತ್ತಾರೆ, ಇನ್ನೊಂದು ಕಡೆ ಮಕ್ಕಳ ಸಂತೆ. ಬೆಳಿಗ್ಗೆ ಮಕ್ಕಳು ಹಿತ್ತಲಿನ ಕರಿಬೇವು, ಮೆಂತ್ಯದ ಕಟ್ಟು, ತೆಂಗಿನಕಾಯಿ, ಮಜ್ಜಿಗೆ, ಕೋಡುಬಳೆ ಹೊತ್ತು ತರುತ್ತಾರೆ. ಗೋಣಿತಾಟು ಹಾಸಿ ಕೂರುತ್ತಾರೆ. ತಕ್ಕಡಿ ಹಿಡಿಯುತ್ತಾರೆ. ಕೂಗುತ್ತಾರೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ತಾಯಂದಿರು, ಅಂಗನವಾಡಿ ಕಾರ್ಯಕರ್ತೆಯರು ಬಂದು ಕೊಳ್ಳುತ್ತಾರೆ. ಹನ್ನೆರಡೂವರೆಯ ಹೊತ್ತಿಗೆ ಮಾಲು ಖಾಲಿ, ಫೋಟೋ ವಾಟ್ಸ್‌ಆ್ಯಪ್‌ನಲ್ಲಿ. "ಮಕ್ಕಳು ವ್ಯವಹಾರ ಜ್ಞಾನ ಪಡೆದರು" ಎಂದು ಮಾರನೆಯ ದಿನ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಸುದ್ದಿ.

ಪಡೆದರೇ? ಇಂದು ನಾನು ಹೇಳಲು ಬಂದಿರುವುದು ಇಷ್ಟೇ: ಕಲಿಕೆ ನಡೆಯುವುದು ಸಂತೆಯ ದಿನವಲ್ಲ, ಅದರ ಮರುದಿನ. ನಮ್ಮ ಶಾಲೆಗಳ ವೇಳಾಪಟ್ಟಿಯಲ್ಲಿ ಆ ಮರುದಿನ ಎಂಬುದೇ ಇಲ್ಲ.

ಒಂದು ಲೆಕ್ಕ ಬಿಡಿಸಿ ತೋರಿಸುತ್ತೇನೆ. ಮೊತ್ತಗಳನ್ನು ಅನುಕೂಲಕ್ಕೆ ದುಂಡಾಗಿಸಿದ್ದೇನೆ. ಆದರೆ ಇಂಥ ಲೆಕ್ಕವನ್ನು ಆರನೇ ತರಗತಿಯ ಮಕ್ಕಳ ಜೊತೆ ಕುಳಿತು ಬಿಡಿಸಿದ್ದೇನೆ. ಐವರು ಸೇರಿ ಚುರುಮುರಿ ಅಂಗಡಿ ಇಟ್ಟರು ಅನ್ನಿ. ಪುರಿ, ಈರುಳ್ಳಿ, ಟೊಮೆಟೊ, ಕಡಲೆಬೀಜ, ನಿಂಬೆಹಣ್ಣು, ಪೊಟ್ಟಣಕ್ಕೆ ಕಾಗದ, ಎಲ್ಲ ಸೇರಿ 200 ರೂಪಾಯಿ. 30 ಪೊಟ್ಟಣ ಕಟ್ಟಿದರು. ಪೊಟ್ಟಣಕ್ಕೆ 10 ರೂಪಾಯಿ. "300 ಆಯ್ತು ಸಾರ್, 100 ಲಾಭ!" ಎಂದು ಕುಣಿಯುತ್ತಾರೆ. ಕುಣಿಯಲಿ. ಮರುದಿನ ಹಲಗೆಯ ಮುಂದೆ ನಿಲ್ಲಿಸಿ ಕೇಳಬೇಕು: ಡಬ್ಬಿಯಲ್ಲಿ 300 ಇದೆಯೇ?

ಇರುವುದಿಲ್ಲ. 210 ಇರುತ್ತದೆ. ಉಳಿದ 90 ಎಲ್ಲಿ ಹೋಯಿತು ಎಂದು ಹುಡುಕುವುದೇ ಮೊದಲ ಪಾಠ. ಯಾರೋ ಕದ್ದರು ಎಂಬ ಅನುಮಾನ ಮೊದಲು ಏಳುತ್ತದೆ. ಒಬ್ಬನ ಮುಖವನ್ನೇ ಎಲ್ಲರೂ ನೋಡುತ್ತಾರೆ. ಆಗ ಮೇಷ್ಟ್ರು ನಿಧಾನಕ್ಕೆ ಕೆದಕಬೇಕು. ನಾಲ್ಕು ಪೊಟ್ಟಣವನ್ನು ಅಂಗಡಿಯವರೇ ತಿಂದರು. ಎರಡನ್ನು ಟೀಚರುಗಳಿಗೆ "ತಗೊಳ್ಳಿ ಮಿಸ್" ಎಂದು ಪುಕ್ಕಟೆ ಕೊಟ್ಟರು. ಮೂರು ಉದ್ರಿ. ಆರೂ ಮೂರೂ ಒಂಬತ್ತು, ತೊಂಬತ್ತು ರೂಪಾಯಿ. ಕಳ್ಳನೆಂದು ಕಂಡ ಹುಡುಗ ನಿರಪರಾಧಿ. ಲೆಕ್ಕ ಬರೆದಿಡುವುದರ ಉಪಯೋಗವನ್ನು ಇದಕ್ಕಿಂತ ಚೆನ್ನಾಗಿ ನನ್ನ ಪಠ್ಯಪುಸ್ತಕದ ಯಾವ ಅಧ್ಯಾಯವೂ ಹೇಳಿರಲಿಲ್ಲ.

ಇನ್ನು ಖರ್ಚಿನ ಕಡೆ ಬನ್ನಿ. ಎಣ್ಣೆ ಎಲ್ಲಿಂದ ಬಂತು? ಮನೆಯಿಂದ. ಖಾರದ ಪುಡಿ, ಉಪ್ಪು, ಕೊತ್ತಂಬರಿ ಸೊಪ್ಪು? ಮನೆಯಿಂದ. ಪೇಟೆಯಲ್ಲಿ ಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂದು ವಿಚಾರಿಸಿಕೊಂಡು ಬರಲು ಹೇಳಿದರೆ 30 ರೂಪಾಯಿ ಎಂದು ಬರೆದು ತರುತ್ತಾರೆ. ಖರ್ಚು 230, ಕೈಯಲ್ಲಿರುವುದು 210. ಇಪ್ಪತ್ತು ರೂಪಾಯಿ ಕಡಿಮೆ! ಉದ್ರಿ ಪೂರ್ತಿ ವಸೂಲಾದರೆ ಹತ್ತು ರೂಪಾಯಿ ಲಾಭ. ಆ ಹತ್ತು ರೂಪಾಯಿ ಈಗ ಬೇರೆ ತರಗತಿಯ ಮೂವರು ಹುಡುಗರ ಮನಸ್ಸಿನಲ್ಲಿದೆ. ಕೊನೆಗೆ ಈರುಳ್ಳಿ ಹೆಚ್ಚಿದ್ದು ಯಾರು ಎಂದು ಕೇಳಿ. ಅಮ್ಮ. ಎಷ್ಟು ಹೊತ್ತು? ಬೆಳಗಿನ ಹಾಲು ಕರೆದು ಬಂದ ಮೇಲೆ ಒಂದು ಗಂಟೆ. ಅಮ್ಮನ ಒಂದು ಗಂಟೆಯನ್ನು ಯಾವ ಕಾಲಮ್ಮಿನಲ್ಲಿ ಬರೆಯೋಣ? ಈ ಪ್ರಶ್ನೆಗೆ ಮಕ್ಕಳು ಮೌನವಾಗುತ್ತಾರೆ. ನಮ್ಮ ದೇಶದ ಆದಾಯ ಲೆಕ್ಕ ಹಾಕುವ ಪಂಡಿತರೂ ಅಲ್ಲಿಗೆ ಬಂದಾಗ ಮೌನವಾಗುತ್ತಾರೆ, ಆ ಮಾತು ಬೇರೆ.

ಇಷ್ಟು ನಡೆಯಲು ಎರಡು ಪೀರಿಯಡ್ ಸಾಕು. ಅದಕ್ಕೆ ಹೊಸ ಪಠ್ಯಕ್ರಮ ಬೇಡ, ಲ್ಯಾಬ್ ಬೇಡ, ಸ್ಮಾರ್ಟ್ ಬೋರ್ಡು ಬೇಡ. ಒಂದು ನಿಯಮ ಮಾತ್ರ ಬೇಕು: ನಷ್ಟವಾದರೆ ಆಗಲು ಬಿಡಬೇಕು. ನಮ್ಮಲ್ಲಿ ಬಿಡುವುದಿಲ್ಲ. ಮುಖ್ಯ ಅತಿಥಿಗಳು ಹತ್ತು ರೂಪಾಯಿಯ ಮೆಂತ್ಯದ ಕಟ್ಟಿಗೆ ನೂರರ ನೋಟು ಕೊಟ್ಟು "ಚಿಲ್ಲರೆ ನೀನೇ ಇಟ್ಕೊ ಮಗಾ" ಎನ್ನುತ್ತಾರೆ. ಮಾರಾಟವಾಗದೆ ಉಳಿದದ್ದನ್ನು ಹೆಡ್‌ಮಾಸ್ಟರು ತಾವೇ ಕೊಂಡುಬಿಡುತ್ತಾರೆ. ಪ್ರೀತಿಯಿಂದಲೇ ಮಾಡುವುದು. ಆದರೆ ಬಾಡಿದ ಸೊಪ್ಪಿಗೂ ತೊಂಬತ್ತು ರೂಪಾಯಿ ಹೆಚ್ಚಿಗೆ ಸಿಗುತ್ತದೆ ಎಂದು ತಿಳಿದ ಮಗು ಮುಂದಿನ ಸಲ ಸೊಪ್ಪಿಗೆ ನೀರು ಚಿಮುಕಿಸುವ ಬದಲು ಅತಿಥಿಗಳು ಕೂರುವ ಕುರ್ಚಿಯ ಪಕ್ಕ ಜಾಗ ಹಿಡಿಯುತ್ತದೆ. ಜಾಣತನವೇ ಸರಿ. ನಾವು ಕಲಿಸಲು ಹೊರಟ ಜಾಣತನ ಅದಲ್ಲ.

ನಷ್ಟವಾಗಬೇಕು, ಅದು ಸಣ್ಣದಾಗಿರಬೇಕು. ವರ್ಜೀನಿಯಾ ವಿಶ್ವವಿದ್ಯಾಲಯದ ಸರಸ್ ಸರಸ್ವತಿ ಅವರು ಕಾರ್ನೆಗಿ ಮೆಲನ್‌ನಲ್ಲಿ ಹರ್ಬರ್ಟ್ ಸೈಮನ್ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುವಾಗ ನುರಿತ ಉದ್ಯಮಿಗಳ ಮುಂದೆ ಒಂದು ಕಲ್ಪಿತ ವ್ಯಾಪಾರದ ಸಮಸ್ಯೆ ಇಟ್ಟು, ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗಿ ಎಂದರು. ಅವರಲ್ಲಿ ಬಹಳ ಮಂದಿ ಎಷ್ಟು ಲಾಭ ಬಂದೀತು ಎಂಬಲ್ಲಿಂದ ಶುರುಮಾಡಲಿಲ್ಲ. ಕೈಯಲ್ಲಿ ಏನಿದೆ, ಗೊತ್ತಿರುವವರು ಯಾರಿದ್ದಾರೆ, ಹೋದರೆ ಹೋಗಲಿ ಎಂದು ಎಷ್ಟನ್ನು ಬಿಡಬಲ್ಲೆ ಎಂಬಲ್ಲಿಂದ ಶುರುಮಾಡಿದರು. ನಮ್ಮ ಅಂಗಡಿಬೀದಿಯ ಯಾವ ಹಿರಿಯರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಹೆಂಡತಿಯ ಒಡವೆ ಅಡವಿಟ್ಟು ಅಂಗಡಿ ತೆರೆಯಬೇಡ ಎಂದು. ಆದರೆ ಕತೆ ಸಿನಿಮಾಗಳಲ್ಲಿ ಒಡವೆ ಅಡವಿಟ್ಟವನೇ ನಾಯಕ. ಮಕ್ಕಳ ತಲೆಯಲ್ಲಿ ಕೂತಿರುವ ಚಿತ್ರವೂ ಅದೇ.

ಈ ಚಿತ್ರವನ್ನು ಒಂದು ಆಟದಿಂದ ಅಲುಗಾಡಿಸಬಹುದು. ದಕ್ಷಿಣ ಕನ್ನಡದ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ಆರಂಭವಾದ ರುಡ್‌ಸೆಟ್ ಸಂಸ್ಥೆ ನಿಮಗೆಲ್ಲ ಗೊತ್ತು. ನಿರುದ್ಯೋಗಿ ಯುವಕ ಯುವತಿಯರನ್ನು ಅಲ್ಲೇ ಉಳಿಸಿಕೊಂಡು, ಊಟ ಹಾಕಿ, ಉಚಿತವಾಗಿ ಸ್ವಉದ್ಯೋಗ ತರಬೇತಿ ಕೊಡುವ ಜಾಗ. ಇದೇ ಮಾದರಿಯನ್ನು ಮುಂದೆ ಕೇಂದ್ರ ಸರ್ಕಾರ ಆರ್‌ಸೆಟಿ ಎಂಬ ಹೆಸರಿನಲ್ಲಿ ದೇಶದ ಜಿಲ್ಲೆ ಜಿಲ್ಲೆಗೂ ಹಬ್ಬಿಸಿತು. ಈ ತರಬೇತಿಗಳಲ್ಲಿ ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆ ಕಲಿಸುವ ನಡುವೆ ಕೆಲವು ಆಟ ಆಡಿಸುತ್ತಾರೆ. ಅದರಲ್ಲೊಂದು ರಿಂಗ್ ಎಸೆತ. ನೆಲದ ಮೇಲೆ ಒಂದು ಗೂಟ, ಕೈಯಲ್ಲಿ ಕೆಲವು ಬಳೆಗಳು. ಎಷ್ಟು ದೂರದಿಂದ ಎಸೆಯುತ್ತೀ ಎಂಬುದು ನಿನಗೇ ಬಿಟ್ಟದ್ದು. ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ಎಸೆಯುವ ಮೊದಲು ಎಷ್ಟು ಅಂಕ ಗಳಿಸುತ್ತೇನೆ ಎಂದು ಹೇಳಬೇಕು.

ಗೂಟಕ್ಕೆ ಅಂಟಿಕೊಂಡು ನಿಂತು ಹಾಕುವವರು ಇರುತ್ತಾರೆ. ಬಾಗಿಲ ಹತ್ತಿರ ಹೋಗಿ, ಕಣ್ಣು ಮುಚ್ಚಿ ಎಸೆದು, ಬೀಳದಿದ್ದಾಗ ಹಣೆಬರಹ ಎನ್ನುವವರೂ ಇರುತ್ತಾರೆ. ನಡುವೆ ಎಲ್ಲೋ ನಿಂತು, ಒಂದು ತಪ್ಪಿದರೆ ಅರ್ಧ ಹೆಜ್ಜೆ ಮುಂದೆ ಬಂದು, ಮತ್ತೊಂದು ಬಿದ್ದರೆ ಅರ್ಧ ಹೆಜ್ಜೆ ಹಿಂದೆ ಸರಿಯುವವರು ಕಡಿಮೆ. ಆಟದ ಬೇರು ಹಾರ್ವರ್ಡಿನ ಮನೋವಿಜ್ಞಾನಿ ಡೇವಿಡ್ ಮೆಕ್‌ಕ್ಲೆಲೆಂಡ್ ಅವರ ಕೆಲಸದಲ್ಲಿದೆ. ಸಾಧನೆಯ ತುಡಿತ ಹೆಚ್ಚಿರುವವರು ನಡುವಿನ ದೂರವನ್ನೇ ಆರಿಸಿಕೊಳ್ಳುತ್ತಾರೆ ಎಂಬುದು ಅವರ ವಾದ. ಆ ತುಡಿತವನ್ನು ಕಲಿಸಬಹುದೇ ಎಂದು ನೋಡಲು ಅವರು ಬಂದದ್ದು ನಮ್ಮ ನೆರೆಯ ಆಂಧ್ರಕ್ಕೆ. 1960ರ ದಶಕದ ನಡುವಿನಲ್ಲಿ ಕಾಕಿನಾಡದ ವ್ಯಾಪಾರಿಗಳನ್ನು ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಗೆ ಕರೆಸಿ ಹತ್ತು ದಿನಗಳ ಶಿಬಿರ ನಡೆಸಿದರು. ತರಬೇತಿ ಪಡೆದವರು ಆಮೇಲೆ ಉಳಿದವರಿಗಿಂತ ಹೆಚ್ಚು ಚುರುಕಾದರು, ವ್ಯಾಪಾರ ವಿಸ್ತರಿಸಿದರು ಎಂದು ಡೇವಿಡ್ ವಿಂಟರ್ ಜೊತೆ ಬರೆದ 1969ರ ಪುಸ್ತಕದಲ್ಲಿ ವರದಿ ಮಾಡಿದರು. ಬಂಡವಾಳ, ಜಾತಿ, ಸಾಲದ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದನ್ನೆಲ್ಲ ಬದಿಗಿಟ್ಟು ಎಲ್ಲವನ್ನೂ ಮನಸ್ಸಿನ ತುಡಿತಕ್ಕೆ ಕಟ್ಟುವ ಅವರ ಸಿದ್ಧಾಂತ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಆಟ ಅದ್ಭುತ. ಹಳೆಯ ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿಕೊಂಡರೆ ಹಳ್ಳಿ ಶಾಲೆಯಲ್ಲೂ ಆಡಿಸಬಹುದು. ಆಟ ಮುಗಿದ ಮೇಲೆ ಹೇಳಿದ ಅಂಕ, ಬಂದ ಅಂಕ ಎರಡನ್ನೂ ಪಕ್ಕ ಪಕ್ಕ ಬರೆದು ಚರ್ಚಿಸಿ, ಇನ್ನೊಂದು ಸುತ್ತು ಆಡಿಸಬೇಕು. ಎರಡನೇ ಸುತ್ತಿಲ್ಲದಿದ್ದರೆ ಅದು ಜಾತ್ರೆಯ ಆಟವಾಗಿಯೇ ಉಳಿಯುತ್ತದೆ.

ಬಂಡವಾಳದ ಮಾತು ಬಂತು. ಮಕ್ಕಳಿಗೆ ದುಡ್ಡು ಎಲ್ಲಿಂದ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟೀನಾ ಸೀಲಿಗ್ ತಮ್ಮ ವಿದ್ಯಾರ್ಥಿ ತಂಡಗಳಿಗೆ ಐದೈದು ಡಾಲರಿನ ಲಕೋಟೆ ಕೊಟ್ಟು, ತೆರೆದ ಮೇಲೆ ಎರಡು ಗಂಟೆಯೊಳಗೆ ಆದಷ್ಟು ಹಣ ಮಾಡಿ, ಮೂರು ನಿಮಿಷ ವರದಿ ಒಪ್ಪಿಸಿ ಎಂದ ಪ್ರಯೋಗ ಬಹಳ ಪ್ರಸಿದ್ಧ. ಒಂದು ತಂಡ ಐದು ಡಾಲರನ್ನು ಮುಟ್ಟಲೇ ಇಲ್ಲ. ತಮ್ಮ ಮೂರು ನಿಮಿಷವನ್ನೇ, ಆ ವಿದ್ಯಾರ್ಥಿಗಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಕಾತರಿಸುತ್ತಿದ್ದ ಕಂಪನಿಯೊಂದಕ್ಕೆ ಜಾಹೀರಾತಿಗಾಗಿ 650 ಡಾಲರಿಗೆ ಮಾರಿತು. ಇದನ್ನು ಕೇಳಿದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ನಾನು ತಟ್ಟುವ ಮೊದಲು ಒಂದು ಮಾತು ಹೇಳುತ್ತೇನೆ: ಮಾರಾಟವಾದದ್ದು ಸ್ಟ್ಯಾನ್‌ಫರ್ಡ್ ಎಂಬ ಹೆಸರು. ಸಿರವಾರದಂಥ ಸಣ್ಣ ಊರಿನ ಹೈಸ್ಕೂಲಿನ ಮೂರು ನಿಮಿಷವನ್ನು ಯಾವ ಕಂಪನಿಯೂ ಕೊಳ್ಳುವುದಿಲ್ಲ. ದುಡ್ಡೇ ಬೇಡ, ಐಡಿಯಾ ಸಾಕು ಎಂಬ ಪಾಠವನ್ನು ನಮ್ಮ ಮಕ್ಕಳಿಗೆ ಹಾಗೆಯೇ ದಾಟಿಸುವುದು ಸರಿಯಲ್ಲ.

ಮನೆಯಿಂದ ತನ್ನಿ ಎಂದರೆ ಇಲ್ಲದವರ ಮಗು ಹಿಂದೆ ನಿಲ್ಲುತ್ತದೆ. ಸರ್ಕಾರವೋ ದಾನಿಯೋ ಸುಮ್ಮನೆ ಕೊಟ್ಟರೆ ಅದು ಬಹುಮಾನದಂತೆ ಖರ್ಚಾಗುತ್ತದೆ. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದಾಗ ಏಜೆಂಟರು ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕಟ್ಟಿಸಿಕೊಳ್ಳುತ್ತಿದ್ದರು. ದೊಡ್ಡ ಬಂಡವಾಳವೆಂಬುದು ಹೀಗೂ ಹುಟ್ಟುತ್ತದೆ ಎಂದು ಹೇಳಲು ಕರಾವಳಿಯ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಆದರೆ ಸಂತೆಗೆ ನಾನು ಸೂಚಿಸುವುದು ಸಾಲವನ್ನು. ಶಾಲೆಯೇ ಐವರ ತಂಡಕ್ಕೆ 200 ರೂಪಾಯಿ ಸಾಲ ಕೊಡಲಿ, ಎಲ್ಲರಿಗೂ ಅಷ್ಟೇ. ಎಸ್‌ಡಿಎಂಸಿ ಅಧ್ಯಕ್ಷರ ಮಗನಿಗೂ ಅಷ್ಟೇ. ಸಂತೆಯ ಮರುದಿನ ಮೊದಲು ಸಾಲ ಹಿಂತಿರುಗಬೇಕು. ಕಟ್ಟಲಾಗದ ತಂಡ ಯಾಕೆ ಕಟ್ಟಲಾಗಲಿಲ್ಲ ಎಂದು ಬರೆದುಕೊಡಲಿ. ಶಿಕ್ಷೆ ಬೇಡ, ಬರಹ ಸಾಕು.

ಇನ್ನೊಂದು ಸಂಗತಿ ನನಗೆ ತುಂಬ ಮುಖ್ಯವೆನಿಸುತ್ತದೆ. ಸಂತೆಯ ದಿನ ತರಗತಿಯ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ರಾಣಿಯಾಗುವುದನ್ನು ನೀವು ನೋಡಿರುತ್ತೀರಿ. ಅವಳ ತಾಯಿ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳು. ಮೊಳಕ್ಕೆ ಇಷ್ಟಾದರೆ ಎರಡೂವರೆ ಮೊಳಕ್ಕೆ ಎಷ್ಟು, ಐನೂರರ ನೋಟಿಗೆ ಚಿಲ್ಲರೆ ಎಷ್ಟು, ಅವಳ ಬಾಯಿಂದ ಉತ್ತರ ಹಾರಿ ಬರುತ್ತದೆ. ಗಣಿತದ ಟೆಸ್ಟಿನಲ್ಲಿ ಅವಳಿಗೆ ಬಂದಿರುವುದು ಇಪ್ಪತ್ತೈದಕ್ಕೆ ಆರು. ಇದು ನಮ್ಮ ಕಣ್ಣಿನ ಭ್ರಮೆಯಲ್ಲ. ಬ್ರೆಜಿಲಿನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳನ್ನು ಟೆರೆಜಿನ್ಯಾ ನ್ಯೂನೆಸ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 1985ರಲ್ಲಿ ಪ್ರಕಟಿಸಿದರು. ಅಂಗಡಿಯಲ್ಲಿ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98ರಷ್ಟು ಸರಿ. ಅವೇ ಲೆಕ್ಕಗಳನ್ನು ಕಾಗದದ ಮೇಲೆ ಬರಿಯ ಅಂಕಿಗಳಾಗಿ ಕೊಟ್ಟಾಗ ನೂರಕ್ಕೆ 37ರಷ್ಟು. 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಕುರಿತು 'ನೇಚರ್' ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ. ಅವರು ಇನ್ನೊಂದು ಮಗ್ಗುಲನ್ನೂ ತೋರಿಸಿದರು: ಶಾಲೆಯಲ್ಲಷ್ಟೇ ಕಲಿತ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸುತ್ತಾರೆ. ಎರಡು ಜ್ಞಾನಗಳ ನಡುವೆ ಸೇತುವೆಯಿಲ್ಲ.

ಸಂತೆಯ ಮರುದಿನವೇ ಆ ಸೇತುವೆ. ಹೂವಿನವಳ ಮಗಳನ್ನು ಹಲಗೆಯ ಬಳಿ ಕರೆದು, ನಿನ್ನೆ ಬಾಯಲ್ಲಿ ಹೇಳಿದ ಉತ್ತರಕ್ಕೆ ಹೇಗೆ ಬಂದೆ ಎಂದು ಕೇಳಬೇಕು. ಅವಳು "ಎರಡು ಮೊಳಕ್ಕೆ ಎಂಬತ್ತು, ಅರ್ಧಕ್ಕೆ ಇಪ್ಪತ್ತು, ಅಲ್ಲಿಗೆ ನೂರು" ಎನ್ನುತ್ತಾಳೆ. ಅದನ್ನು ಗಣಿತದ ಭಾಷೆಯಲ್ಲಿ ಅವಳ ಎದುರೇ ಬರೆದರೆ ಅವಳು ಆ ಭಾಷೆಯನ್ನು ತನ್ನದೆಂದು ಒಪ್ಪಿಕೊಳ್ಳುವ ಸಂಭವ ಇದೆ. ನಮ್ಮ ಸಂತೆಗಳಲ್ಲಿ ಏನಾಗುತ್ತದೆ? ಬಹುಮಾನ ಕೊಟ್ಟು, ಫೋಟೋ ತೆಗೆದು, ಸೋಮವಾರ ಮತ್ತೆ ಅವಳನ್ನು ಕೊನೆಯ ಬೆಂಚಿಗೆ ಕಳಿಸುತ್ತೇವೆ.

ಇಷ್ಟೆಲ್ಲ ಮಾಡಿದರೆ ಮಕ್ಕಳು ಉದ್ಯಮಿಗಳಾಗುತ್ತಾರೆಯೇ ಎಂದು ಹಿಂದಿನ ಸಾಲಿನವರು ಕೇಳಲು ಕಾದಿರಬಹುದು. ಆಗದೆಯೂ ಹೋಗಬಹುದು. ನೆದರ್ಲೆಂಡ್ಸ್‌ನಲ್ಲಿ ವೃತ್ತಿಪರ ಕಾಲೇಜಿನ ವಿದ್ಯಾರ್ಥಿಗಳಿಗೆ ಜೂನಿಯರ್ ಅಚೀವ್‌ಮೆಂಟ್ ಮಾದರಿಯ ಕಿರುಕಂಪನಿ ನಡೆಸಲು ಕೊಟ್ಟು, ನಡೆಸದವರೊಡನೆ ಹೋಲಿಸಿ ನೋಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ ಸಂಘಟಕರಿಗೆ ಹಿಡಿಸುವಂಥದ್ದಲ್ಲ: ಕೌಶಲಗಳಲ್ಲಿ ಹೇಳಿಕೊಳ್ಳುವಂಥ ಏರಿಕೆಯಿಲ್ಲ; ಸ್ವಂತ ಉದ್ಯಮ ಮಾಡಬೇಕೆಂಬ ಆಸೆ ಇಳಿದೇ ಹೋಗಿತ್ತು. ಅದೇ ದೇಶದಲ್ಲಿ ಹನ್ನೊಂದು ಹನ್ನೆರಡು ವರ್ಷದ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಪಟ್ಟುಹಿಡಿದು ಮಾಡುವ ಗುಣ, ಹೊಸದನ್ನು ಯೋಚಿಸುವ ಗುಣ, ತಾನಾಗಿ ಮುನ್ನುಗ್ಗುವ ಗುಣ ಹೆಚ್ಚಿದ್ದು ಕಂಡಿತು. ಉದ್ಯಮಿಯಾಗುವ ಆಸೆ ಅಲ್ಲಿಯೂ ಕುಗ್ಗಿತ್ತು. ನನಗೆ ಇದರಲ್ಲಿ ಬೇಸರಪಡುವಂಥದ್ದು ಕಾಣುವುದಿಲ್ಲ. ಅಂಗಡಿ ಇಡುವುದೆಂದರೆ ಕ್ಯಾಷ್ ಪೆಟ್ಟಿಗೆಯ ಹಿಂದೆ ಕೂರುವುದು ಎಂದುಕೊಂಡಿದ್ದವನಿಗೆ ಉದ್ರಿ ವಸೂಲಿಯ ಕಷ್ಟ ಹನ್ನೆರಡಕ್ಕೇ ತಿಳಿದರೆ ಮೂವತ್ತರಲ್ಲಿ ಅವನ ಅಪ್ಪನ ತೋಟ ಉಳಿಯುತ್ತದೆ. ಕೈಯಾರೆ ಕಲಿಸುವ ಪ್ರಯೋಗಕ್ಕೆ ಹತ್ತು ಹನ್ನೆರಡರ ವಯಸ್ಸೇ ಹೆಚ್ಚು ಫಲವತ್ತು ಎಂಬ ಸೂಚನೆಯೂ ಇಲ್ಲಿದೆ. ದೆಹಲಿಯ ಯೋಜನೆಯ ಹಣ ಹನ್ನೊಂದು ಹನ್ನೆರಡನೇ ತರಗತಿಯವರ ಕೈಗೆ ಹೋಗುತ್ತಿತ್ತು. ನಮ್ಮ ಸಂತೆಗಳು ನಡೆಯುವುದು ಪ್ರಾಥಮಿಕ ಶಾಲೆಯಲ್ಲಿ. ಈ ಒಂದು ವಿಷಯದಲ್ಲಿ ನಾವು ಮುಂದಿದ್ದೇವೆ ಎನ್ನಲು ನನಗೆ ಸಂಕೋಚವಿಲ್ಲ.

ಎಚ್ಚರಿಕೆಯೊಂದನ್ನು ಬಿಡುವಂತಿಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣ ಎಂಬ ವಿಚಾರ ಮಂಡಿಸಿದಾಗ, ಮಕ್ಕಳು ತಯಾರಿಸಿದ್ದನ್ನು ಮಾರಿ ಶಾಲೆಯ ಖರ್ಚು ಹುಟ್ಟಬೇಕು ಎಂಬ ಮಾತಿಗೆ ಆಕ್ಷೇಪ ಎದ್ದಿತು. ಶಾಲೆ ಕಾರ್ಖಾನೆಯಾದೀತು, ಮೇಷ್ಟ್ರು ಮೇಸ್ತ್ರಿಯಾದಾರು ಎಂಬ ಭಯ. ಆ ಭಯ ಈಗಲೂ ಇರಬೇಕು. ಯಾವ ಶಾಲೆಯ ಸಂತೆಯಲ್ಲಿ ಹೆಚ್ಚು ವಹಿವಾಟು ಎಂದು ಕ್ಲಸ್ಟರ್ ಮಟ್ಟದಲ್ಲಿ ಸ್ಪರ್ಧೆ ಇಟ್ಟ ದಿನ ಮಕ್ಕಳು ಬೆಳಗಿನ ಜಾವಕ್ಕೆ ಎದ್ದು ಬಜ್ಜಿ ಕರಿಯಬೇಕಾಗುತ್ತದೆ. ಲಾಭಕ್ಕೆ ಬಹುಮಾನ ಬೇಡ. ಕೊಡಲೇಬೇಕೆಂದರೆ ಲೆಕ್ಕ ಚೊಕ್ಕವಾಗಿಟ್ಟ ತಂಡಕ್ಕೆ ಕೊಡಿ, ಅದು ನಷ್ಟದ ಲೆಕ್ಕವಾದರೂ ಸರಿಯೇ.

ಕೊನೆಯದಾಗಿ ಆ ಹತ್ತು ರೂಪಾಯಿಯ ಹಂಚಿಕೆ. ಉದ್ರಿ ವಸೂಲಾಗಿ, ಸಾಲ ತೀರಿ, ಎಣ್ಣೆ ಖಾರದ ಬೆಲೆ ತಂದವರಿಗೆ ಸಂದು, ಹತ್ತು ರೂಪಾಯಿ ಉಳಿದಾಗ ನಾನು ನೋಡಿದ ಜಗಳ ಸಣ್ಣದಲ್ಲ. ಎಣ್ಣೆ ತಂದವಳಿಗೆ ನಾಲ್ಕು ರೂಪಾಯಿ ಬೇಕು. ಹೆಚ್ಚು ಹೊತ್ತು ಕೂಗಿದವನಿಗೂ ನಾಲ್ಕು ಬೇಕು. ಒಬ್ಬ ಅರ್ಧ ದಿನ ಕಬಡ್ಡಿ ಆಡಲು ಹೋಗಿದ್ದ. ಅವನಿಗೆ ಏನೂ ಕೊಡಬಾರದು ಎಂದು ನಾಲ್ವರು ಒಮ್ಮತದಿಂದ ತೀರ್ಮಾನಿಸಿದರು. ನಾನು 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಹೇಳಿದೆ: ಮೊದಲೇ ಕರಾರು ಇಲ್ಲದಿದ್ದರೆ ಲಾಭ ಸಮಪಾಲು, ದುಡಿದೆನೆಂದು ಪಾಲುದಾರನಿಗೆ ಸಂಬಳವಿಲ್ಲ. ಅಪ್ರಾಪ್ತರು ಪಾಲುದಾರರಾಗುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ, ಆ ಭಾಗವನ್ನು ನಾನು ಬಾಯಿಬಿಡಲಿಲ್ಲ. ಕಬಡ್ಡಿ ಹುಡುಗ ಎರಡು ರೂಪಾಯಿ ಎಣಿಸಿಕೊಂಡು ಜೇಬಿಗೆ ಹಾಕಿದ. ಉಳಿದವರಿಗೆ ಕಾನೂನಿನ ಮೇಲೆ ಬಂದ ಸಿಟ್ಟು ಇಳಿಯಲು ಮಧ್ಯಾಹ್ನದ ಬಿಸಿಯೂಟದವರೆಗೆ ಸಮಯ ಹಿಡಿಯಿತು.

ಊಟವಾದ ಮೇಲೆ ಅವರು ನೋಟ್‌ಬುಕ್ಕಿನ ಹಾಳೆ ಹರಿದು ಮುಂದಿನ ಸಂತೆಗೆ ಕರಾರು ಬರೆದರು. ತಂದ ಸಾಮಾನಿಗೆ ಅಂದೇ ಬೆಲೆ ಕಟ್ಟುವುದು. ಅಂಗಡಿ ಬಿಟ್ಟು ಹೋದವನಿಗೆ ಗಂಟೆಗೆ ಒಂದು ರೂಪಾಯಿ ಕಡಿತ. ಪಾಲುದಾರರು ತಿಂದರೆ ದುಡ್ಡು ಕೊಟ್ಟು ತಿನ್ನುವುದು. ಅಮ್ಮಂದಿರಿಗೆ ಐದು ರೂಪಾಯಿ. ಟೀಚರುಗಳಿಗೆ ಪುಕ್ಕಟೆ ಕೊಡುವ ವಿಷಯದಲ್ಲಿ ಮಾತ್ರ ಒಮ್ಮತ ಬರಲಿಲ್ಲ, ಮತಕ್ಕೆ ಹಾಕಿದರು. ಮೂರಕ್ಕೆ ಎರಡರಿಂದ ಬಿದ್ದುಹೋಯಿತು. ಐವರೂ ಸಹಿ ಮಾಡಿ, ಸಾಕ್ಷಿ ಎಂದು ನನ್ನ ಸಹಿಯನ್ನೂ ಹಾಕಿಸಿಕೊಂಡರು.